ಎಂಟನ್ನು ಸೊನ್ನೆ ಮಾಡುತ್ತಿದ್ದ ಕಂಪ್ಯೂಟರ್ ಮತ್ತು ಹಂಪನಕಟ್ಟೆಯ ಮಾಮ್

ಮಂಗಳೂರಿನ ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆ ಹಿಡಿದರೆ ಸುತ್ತಮುತ್ತ ಕಂಪ್ಯೂಟರ್ ಅಂಗಡಿಗಳಿಗೆ ಬರವಿಲ್ಲ. ನಾನು ಹೇಳಲು ಹೊರಟಿದ್ದು ಗಾಜಿನ ಬಾಗಿಲಿನ ಶೋರೂಮುಗಳ ಬಗ್ಗೆ ಅಲ್ಲ. ಒಳಗಿನ ಒಂದು ಗಲ್ಲಿಯಲ್ಲಿ, ಹಳೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ, ಒಬ್ಬರೇ ಕೂತು ನಡೆಸುವ ರಿಪೇರಿ ಅಂಗಡಿಯ ಬಗ್ಗೆ. ಬೋರ್ಡ್ ಇಲ್ಲ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. "ಹೆಸರು ಹಾಕಿದರೆ ಎಲ್ಲರೂ ಒಡೆದ ಮೊಬೈಲ್ ಹಿಡಿದುಕೊಂಡು ಬರುತ್ತಾರೆ ಅಕ್ಕ" ಎಂಬುದು ಅವರ ತಕರಾರು. ಅಲ್ಲಿ ಎಲ್ಲರೂ ಅವರನ್ನು ಮಾಮ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಹೋಯಿತು ಅಂತ ಕೊನೆಗೆ ಹೇಳುತ್ತೇನೆ.

ನಮ್ಮದು ಮಲ್ಪೆಯಲ್ಲಿ ಬೋಟಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಗ್ಯಾಸ್ಕೆಟ್, ಇಂಪೆಲ್ಲರ್, ಆಯಿಲ್ ಫಿಲ್ಟರ್, ವೈರ್ ರೋಪ್, ಶ್ಯಾಕಲ್, ಬೇರಿಂಗ್. ಮಾವನವರು ಶುರು ಮಾಡಿದ ಅಂಗಡಿ, ಈಗ ನನ್ನ ಗಂಡ ನೋಡಿಕೊಳ್ಳುತ್ತಾರೆ. ಲೆಕ್ಕ ನನ್ನದು. ಲೆಕ್ಕ ಇರುವ ಕಂಪ್ಯೂಟರ್ 2002ರದು. ಪೆಂಟಿಯಂ 3, 256 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್ ಡಿಸ್ಕ್. ಅದರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7.3. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕುವ ಆಪರೇಟಿಂಗ್ ಸಿಸ್ಟಮ್, ಇದು ಅದೇ ವರ್ಷ ಮೇ ತಿಂಗಳಲ್ಲಿ ಬಂದದ್ದು. 2003ರ ಕೊನೆಗೆ ಕಂಪನಿ ಅದಕ್ಕೆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿತು. ನಮಗೆ ಅದರಿಂದ ಏನೂ ಆಗಲಿಲ್ಲ. ಇಂಟರ್ನೆಟ್ ತಂತಿಯನ್ನು ಆ ಡಬ್ಬಿಗೆ ಯಾವತ್ತೂ ಚುಚ್ಚಿಯೇ ಇಲ್ಲ. ಪರಿಚಯದ ಒಬ್ಬ ಹುಡುಗ ಸಿ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ಎಫ್2 ಒತ್ತಿದರೆ ಬಿಲ್ಲು, ಎಫ್5 ಒತ್ತಿದರೆ ಖಾತೆ. ಹುಡುಗ ಈಗ ದುಬೈಯಲ್ಲಿದ್ದಾನೆ, ಪ್ರೋಗ್ರಾಮ್ ಮಲ್ಪೆಯಲ್ಲೇ ಉಳಿಯಿತು.

ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುವವರಿಗೆ ಒಂದೇ ಮಾತು. ಬೋಟಿನವರ ಲೆಕ್ಕ ಸೀಸನ್ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗಲೇ ಬೋಟು ದಡಕ್ಕೆ ಎಳೆದು ಇಂಜಿನ್ ಬಿಚ್ಚುವುದು. ಸಾಮಾನು ಎಲ್ಲ ಆಗ ಕಡ ಹೋಗುತ್ತದೆ, ದುಡ್ಡು ಮೀನು ಬಿದ್ದ ಮೇಲೆ ಕಂತು ಕಂತಾಗಿ ಬರುತ್ತದೆ. ಯಾವ ಬೋಟಿಗೆ ಎಷ್ಟು ಬಾಕಿ, ಬೋಟು ನಡೆಸುವ ತಾಂಡೇಲನ ಕೈಯಲ್ಲಿ ಎಷ್ಟು ಬಂತು, ಓನರ್ ಎಷ್ಟು ಕೊಟ್ಟರು, ಇದೆಲ್ಲ ನಮಗೆ ಬೇಕಾದ ಹಾಗೆ ಬರೆಸಿಕೊಂಡ ಪ್ರೋಗ್ರಾಮ್. ಅಂಗಡಿಯಲ್ಲಿ ಸಿಗುವ ಸಾಫ್ಟ್‌ವೇರಿನಲ್ಲಿ ಹಾಗೆ ಬರುವುದಿಲ್ಲ. ಬರುತ್ತದೆ ಅಂದವರೆಲ್ಲ ಒಂದು ಸೀಸನ್ ನಮ್ಮ ಕೌಂಟರಿನಲ್ಲಿ ಕೂತು ನೋಡಲಿ.

ರೋಗ ಶುರುವಾದದ್ದು ಮಳೆಗಾಲಕ್ಕೆ ಮುಂಚೆ. ಬಿಲ್ಲು ಹಾಕುತ್ತಿರುವಾಗ ಪರದೆ ಹಾಗೇ ನಿಂತುಬಿಡುವುದು. ಕೆಲವು ಸಲ ಸಾಲು ಸಾಲು ಅಂಕೆಗಳು ಸುರಿದು, ಕೆಳಗೆ ಕರ್ನಲ್ ಪ್ಯಾನಿಕ್ ಎಂದು ಬರುವುದು, ಲಿನಕ್ಸಿನ ತಿರುಳಾದ ಕರ್ನಲೇ ಕೈಚೆಲ್ಲಿತು ಎಂದರ್ಥ. ಕೆಲವು ಸಲ ಪ್ರೋಗ್ರಾಮ್ ಒಂದೇ ಬಿದ್ದು 'ಸೆಗ್‌ಮೆಂಟೇಶನ್ ಫಾಲ್ಟ್' ಎಂಬ ಒಂದೇ ಸಾಲು. ಅದನ್ನೆಲ್ಲ ಸಹಿಸಬಹುದಿತ್ತು. ಆಫ್ ಮಾಡಿ ಆನ್ ಮಾಡಿದರೆ ಆಯಿತು. ನಿಜವಾದ ತಲೆನೋವು ಬಂದದ್ದು ಮಂಗಳೂರಿನ ಒಬ್ಬ ಸಪ್ಲೈಯರ್ ಕಡೆಯಿಂದ. ನಮ್ಮ ಪುಸ್ತಕದಲ್ಲಿ ಅವರಿಗೆ ಕೊಡಬೇಕಾದ ಬಾಕಿ ಅವರ ಪುಸ್ತಕಕ್ಕಿಂತ 80,000 ರೂಪಾಯಿ ಕಡಿಮೆ.

ಲೆಕ್ಕ ಬರೆಯುವವರಿಗೆ ಒಂದು ಹಳೇ ಉಪಾಯ ಗೊತ್ತಿರುತ್ತದೆ. ಕೂಡಿಸಿದ್ದು ತಾಳೆ ಆಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಬೇಕು. ಸರಿಯಾಗಿ ಭಾಗ ಹೋದರೆ ಎಲ್ಲೋ ಅಂಕೆ ಹಿಂದುಮುಂದು ಬರೆದಿರುವ ಸಾಧ್ಯತೆ ಜಾಸ್ತಿ. 63 ಬದಲು 36 ಬರೆದರೆ ವ್ಯತ್ಯಾಸ 27, ಹಾಗೆ. 80,000 ಅದಕ್ಕೆ ಒಗ್ಗಲಿಲ್ಲ. ಬೇರೆ ಖಾತೆಗಳನ್ನು ತೆಗೆದೆ. ನಾವು ದಿನಾ ರಾತ್ರಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಡೇ ಬುಕ್ ತೆಗೆಯುತ್ತೇವೆ, ಅದು ಮಾವನವರ ಕಾಲದ ರೂಢಿ. ಕಾಗದದ ಜೊತೆ ಪರದೆ ಹೋಲಿಸಿದೆ. ಕಾಗದದಲ್ಲಿ 9,450, ಪರದೆಯಲ್ಲಿ 1,450. ಕಾಗದದಲ್ಲಿ 2,880, ಪರದೆಯಲ್ಲಿ 2,080. ಇನ್ನೊಂದು ಕಡೆ 348 ಇದ್ದದ್ದು 340. ವ್ಯತ್ಯಾಸ ಯಾವಾಗಲೂ 8, ಇಲ್ಲಾ 80, 800, 8,000. ಎಂಟು ಇದ್ದಲ್ಲಿ ಸೊನ್ನೆ, ಒಂಬತ್ತು ಇದ್ದಲ್ಲಿ ಒಂದು. ಏಳರವರೆಗಿನ ಒಂದು ಅಂಕೆಯೂ ಕೆಟ್ಟಿರಲಿಲ್ಲ.

ಬಾಕಿ ಕಡಿಮೆ ತೋರಿಸಿದರೆ ಯಾವ ಗಿರಾಕಿ ಬಂದು ಜಗಳ ಮಾಡುತ್ತಾನೆ ಹೇಳಿ? ಅದಕ್ಕೇ ಅಷ್ಟು ದಿನ ಯಾರೂ ತುಟಿ ಬಿಚ್ಚಿರಲಿಲ್ಲ. ನಾವು ಕೊಡಬೇಕಾದವರು ಮಾತ್ರ ಕೂಡಲೇ ಫೋನ್ ಮಾಡಿದರು.

ಮೊದಲು ಉಡುಪಿಯಲ್ಲೇ ಒಬ್ಬರನ್ನು ಕರೆಸಿದ್ದೆವು. ಹೆಸರು ಬೇಡ. ಅವರು ಪವರ್ ಸಪ್ಲೈ ಬದಲಿಸಿದರು. ಆಮೇಲೆ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಸರಿ ಮಾಡುತ್ತೇನೆ ಅಂತ, ಅದನ್ನು ತಪಾಸಣೆ ಮಾಡಿ ತಿದ್ದುವ ಎಫ್‌ಎಸ್‌ಸಿಕೆ ಓಡಿಸಿ, ಅದು ಕೇಳಿದ ಪ್ರತಿ ಪ್ರಶ್ನೆಗೂ ಹೌದು ಅಂತ ಉತ್ತರ ಬರುವ ಹಾಗೆ ಮಾಡಿಬಿಟ್ಟರು. ಮುಗಿದಾಗ ಕೆಲವು ಫೈಲುಗಳು ಹೆಸರು ಕಳೆದುಕೊಂಡು, ಬರೀ ನಂಬರ್ ಅಂಟಿಸಿಕೊಂಡು, 'ಲಾಸ್ಟ್ ಅಂಡ್ ಫೌಂಡ್' ಫೋಲ್ಡರಿಗೆ ಹೋಗಿ ಬಿದ್ದಿದ್ದವು. "ಇದು ಹಳೇದು ಮೇಡಂ, ಬಿಸಾಡಿ ವಿಂಡೋಸ್ ತಗೊಳ್ಳಿ" ಎಂದು ಹೇಳಿ ಹೋದರು. ಬಿಲ್ಲು ಮಾತ್ರ ಸರಿಯಾಗಿ ಕೊಟ್ಟರು.

ಮಾಮ್ ಬಗ್ಗೆ ಹೇಳಿದ್ದು ನಮಗೆ ಪ್ರಿಂಟರ್ ರಿಬ್ಬನ್ ಕೊಡುವವರು. ಸಿಪಿಯು ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಡ್‌ಶೀಟ್ ಸುತ್ತಿ ಇಟ್ಟು, ಹೆಜಮಾಡಿಯಲ್ಲಿ ಟೋಲ್ ಕಟ್ಟಿ, ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕಿ ಸುಸ್ತಾಗಿ, ಎರಡು ಮಾಳಿಗೆ ಹತ್ತಿಸಿದೆವು. ಲಿಫ್ಟ್ ಇಲ್ಲ. ಒಳಗೆ ಕಾಲಿಡಲು ಜಾಗ ಇಲ್ಲ. ಗೋಡೆ ತುಂಬ ಹಳೇ ಮದರ್‌ಬೋರ್ಡ್, ಐಡಿಇ ಕೇಬಲ್, ಫ್ಲಾಪಿ ಡ್ರೈವ್. ಬೆಸುಗೆಯ ವಾಸನೆ. ಮೂಲೆಯಲ್ಲಿ ಒಂದು ಸ್ಟೂಲ್, ಅದು ಗಿರಾಕಿಗೆ.

ನನಗೆ ಈ ಅಂಗಡಿ ಮೆಚ್ಚಿಗೆ ಆದದ್ದು ಮೊದಲ ಐದು ನಿಮಿಷದಲ್ಲಿ. ಡಬ್ಬಿ ಇಟ್ಟ ಕೂಡಲೇ ಗಂಡ ಪವರ್ ಕೇಬಲ್ ಚುಚ್ಚಲು ಹೊರಟರು, ಆನ್ ಮಾಡಿ ತೋರಿಸೋಣ ಅಂತ. ಮಾಮ್ ಕೈ ಅಡ್ಡ ಹಿಡಿದರು. "ಬೇಡ ಮಾರಾಯ್ರೆ. ಆನ್ ಆದರೆ ಅದು ಡಿಸ್ಕಿಗೆ ಏನಾದರೂ ಬರೆಯುತ್ತದೆ. ಬರೆಯುವುದು ಸರಿಯೋ ತಪ್ಪೋ ಗೊತ್ತಾಗುವವರೆಗೆ ಬರೆಯಲು ಬಿಡಬಾರದು." ಆಮೇಲೆ ನನ್ನ ಕಡೆ ತಿರುಗಿ, "ಏನೆಲ್ಲ ಆಯಿತು ಹೇಳಿ ಅಕ್ಕ, ಮೊದಲಿನಿಂದ" ಎಂದರು. ರಿಪೇರಿಯವರು ನನ್ನನ್ನು ಕೇಳುವುದೇ ಅಪರೂಪ. ಸಾಮಾನ್ಯವಾಗಿ ಗಂಡನನ್ನೇ ಕೇಳುತ್ತಾರೆ.

ಎಂಟು ಸೊನ್ನೆ ಆಗುವ ಕಥೆ ಹೇಳಿದೆ. ಡೇ ಬುಕ್ ಪ್ರಿಂಟೌಟ್ ತೋರಿಸಿದೆ, ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೆ. ಮಾಮ್ ಕನ್ನಡಕ ಹಾಕಿಕೊಂಡು ಪುಟ ಪುಟ ನೋಡಿದರು. "ಹೆಸರುಗಳಲ್ಲಿ ತಪ್ಪು ಬಂದದ್ದು ಉಂಟಾ?" ಉಂಟು. ಹೆಸರೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರುವುದು. ಕೃಷ್ಣ ಎಂಬುದರಲ್ಲಿ 'ಕೆ' ಹೋಗಿ 'ಸಿ' ಬಂದಿತ್ತು. ಮತ್ಸ್ಯ ಎಂಬ ಬೋಟಿನಲ್ಲಿ 'ಎಂ' ಹೋಗಿ 'ಇ'. ಅವರು ನಕ್ಕುಬಿಟ್ಟರು. ಒಂದು ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದರು.

ಕಂಪ್ಯೂಟರ್ ಒಳಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್. ಆಸ್ಕಿ ಕೋಡ್ ಅನ್ನುತ್ತಾರೆ. 8 ಎಂಬ ಅಂಕೆಗೆ 56, 0 ಎಂಬುದಕ್ಕೆ 48. ಅದನ್ನು ಸೊನ್ನೆ ಒಂದುಗಳಲ್ಲಿ ಬರೆದರೆ ಮೊದಲನೆಯದು 00111000, ಎರಡನೆಯದು 00110000. ಒಂದೇ ಒಂದು ಬಿಟ್ ವ್ಯತ್ಯಾಸ, ಬಿಟ್ ಅಂದರೆ ಆ ಸಾಲಿನ ಒಂದೊಂದು ಸ್ಥಾನ. 9ಕ್ಕೆ 57, 1ಕ್ಕೆ 49. ಅಲ್ಲೂ ಅದೇ ಬಿಟ್. 'ಕೆ'ಗೆ 75, 'ಸಿ'ಗೆ 67. 'ಎಂ'ಗೆ 77, 'ಇ'ಗೆ 69. ಎಲ್ಲ ಕಡೆ 8ರ ವ್ಯತ್ಯಾಸ. ಎಂಟರ ಬೆಲೆಯ ಆ ಬಿಟ್ ಎಲ್ಲೋ ಸೊನ್ನೆಯಾಗಿ ಸಿಕ್ಕಿಹಾಕಿಕೊಂಡಿದೆ, ಒಂದು ಬರೆದರೂ ಸೊನ್ನೆಯೇ ಓದಿಸುತ್ತದೆ. 0ರಿಂದ 7ರವರೆಗಿನ ಅಂಕೆಗಳಲ್ಲಿ ಆ ಬಿಟ್ ಮೊದಲೇ ಸೊನ್ನೆ, ಹಾಗಾಗಿ ಅವಕ್ಕೆ ಏನೂ ಆಗುವುದಿಲ್ಲ.

ಬಿ.ಕಾಂ. ಓದಿದವಳಿಗೆ ಇಷ್ಟು ಚೆಂದ ಅರ್ಥ ಮಾಡಿಸಿದವರು ಬೇರೆ ಯಾರೂ ಇಲ್ಲ. ಹುಡುಗ ಮೊತ್ತಗಳನ್ನೂ ಅಕ್ಷರದ ರೂಪದಲ್ಲೇ ಫೈಲಿಗೆ ಬರೆಸಿದ್ದರಿಂದ ಇದು ಕಣ್ಣಿಗೆ ಬಿತ್ತು. ಬೇರೆ ರೀತಿಯಲ್ಲಿ ಇಟ್ಟಿದ್ದರೆ ತಪ್ಪು ಇನ್ನೂ ವಿಚಿತ್ರವಾಗಿ ಕಾಣಿಸುತ್ತಿತ್ತು ಎಂದರು ಮಾಮ್.

ಅವರ ಅನುಮಾನ ಹೋದದ್ದು ಕೆಲಸ ನಡೆಯುವಾಗ ಡೇಟಾ ತಾತ್ಕಾಲಿಕವಾಗಿ ಕೂರುವ ಮೆಮೊರಿಯ ಮೇಲೆ. ಹಾಗಂತ ಅವರು ಕೂಡಲೇ ರ‍್ಯಾಮ್ ಕಿತ್ತು ಬಿಸಾಡಲಿಲ್ಲ. ಅನುಮಾನ ಬೇರೆ, ಸಾಕ್ಷಿ ಬೇರೆ ಎನ್ನುವ ಜಾತಿಯವರು. ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ, ಜಂಪರ್ ಬದಲಿಸಿ, ತಮ್ಮ ಮೆಷಿನ್ನಿಗೆ ಹಾಕಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಿಂದ ಪೂರ್ತಿ 20 ಜಿಬಿಯ ನಕಲು ತೆಗೆದರು. ಇದು ಫೈಲು ಕಾಪಿ ಮಾಡುವುದಲ್ಲ, ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇದ್ದದ್ದು ಇದ್ದ ಹಾಗೆ. ಓದಲು ಬಾರದ ಜಾಗ ಸಿಕ್ಕಿದರೆ ಅದನ್ನು ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ಅಲ್ಲಿಗೆ ವಾಪಸ್ ಬರುತ್ತದೆ. ನಮ್ಮದರಲ್ಲಿ ಅಂಥ ಜಾಗವೇ ಸಿಗಲಿಲ್ಲ. ಡಿಸ್ಕನ್ನು ಓದಲು ಮಾತ್ರ ಎಂದು ಮೌಂಟ್ ಮಾಡಬಹುದಲ್ಲ, ಅಂದರೆ ಸಿಸ್ಟಮಿಗೆ ಜೋಡಿಸಿ ತೆರೆಯಬಹುದಲ್ಲ, ನಕಲು ಯಾಕೆ ಅಂತ ಗಂಡ ಕೇಳಿದರು, ಅವರಿಗೂ ಒಂಚೂರು ಗೊತ್ತು. ಮಾಮ್ ಉತ್ತರ ಇದು: ನಮ್ಮ ಡಿಸ್ಕಿನಲ್ಲಿ ಇರುವ ಫೈಲ್ ಸಿಸ್ಟಮ್ ಇಎಕ್ಸ್‌ಟಿ3. ಅದನ್ನು ಓದಲು ಮಾತ್ರ ಅಂತ ಮೌಂಟ್ ಮಾಡಿದರೂ, ಹಿಂದಿನ ಸಲ ಸರಿಯಾಗಿ ಮುಚ್ಚದೆ ಇದ್ದರೆ, ಜರ್ನಲಿನಲ್ಲಿ, ಅಂದರೆ ಬದಲಾವಣೆಗಳನ್ನು ಮೊದಲು ಬರೆದಿಟ್ಟುಕೊಳ್ಳುವ ಜಾಗದಲ್ಲಿ, ಬಾಕಿ ಇದ್ದದ್ದನ್ನು ಅದು ಡಿಸ್ಕಿಗೆ ಬರೆದೇ ತೀರುತ್ತದೆಯಂತೆ. ಬೇಡ ಅಂತ ಬೇರೆ ಹೇಳಬೇಕು.

ಆಮೇಲೆ ಡಿಸ್ಕಿನ ಸ್ಮಾರ್ಟ್ ಪಟ್ಟಿ ತೆಗೆದರು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ಕೆಟ್ಟು ಬದಲಿ ಕೊಟ್ಟ ಸೆಕ್ಟರ್ ಸೊನ್ನೆ, ಅನುಮಾನದ ಸೆಕ್ಟರ್ ಸೊನ್ನೆ. 199 ನಂಬರಿನ ಸಾಲಿನಲ್ಲಿ ಮಾತ್ರ ಸುಮಾರು ಲೆಕ್ಕ ಏರಿತ್ತು. ಅದು ಕೇಬಲಿನಲ್ಲಿ ಡೇಟಾ ಹೋಗುವಾಗ ಕೆಟ್ಟಿತೇ ಎಂದು ನೋಡುವ ಲೆಕ್ಕದಲ್ಲಿ ಬಂದ ಸಿಆರ್‌ಸಿ ತಪ್ಪುಗಳು. ಸಿಸ್ಟಮ್ ಲಾಗಿನಲ್ಲೂ 'ಬ್ಯಾಡ್ ಸಿಆರ್‌ಸಿ' ಎಂಬ ಸಾಲುಗಳು ಇದ್ದವು. ಕೇಬಲ್ ತೆಗೆದು ನೋಡಿದರೆ ಕನೆಕ್ಟರಿನ ಪಿನ್ ಹಸಿರು. ಮಲ್ಪೆಯ ಗಾಳಿ. ನಮ್ಮ ಅಂಗಡಿಯಲ್ಲಿ ಸ್ಟೀಲ್ ಬೋಲ್ಟೇ ಉಳಿಯುವುದಿಲ್ಲ, ಇನ್ನು ಇದು ಯಾವ ಲೆಕ್ಕ.

ಸಿಕ್ಕಿತಲ್ಲ ಕಳ್ಳ ಅಂತ ನನಗೆ ಅನಿಸಿತು. ಮಾಮ್ ತಲೆ ಅಲ್ಲಾಡಿಸಿದರು. ಕೇಬಲಿನಲ್ಲಿ ಕೆಟ್ಟರೆ ಸಿಆರ್‌ಸಿ ಲೆಕ್ಕ ತಪ್ಪುತ್ತದೆ, ಎರಡೂ ಕಡೆಗೆ ಗೊತ್ತಾಗುತ್ತದೆ, ಮತ್ತೊಮ್ಮೆ ಕಳಿಸುತ್ತಾರೆ. ಅದು ಕೂಗಿ ಹೇಳುವ ತಪ್ಪು, ಲಾಗಿನಲ್ಲಿ ಬರೆದಿಟ್ಟಿದೆ. ನಮ್ಮ ಎಂಟುಗಳು ಸದ್ದಿಲ್ಲದೆ ಸೊನ್ನೆ ಆಗಿವೆ. ನಮ್ಮಂಥ ಸಾಧಾರಣ ಪಿಸಿಯ ರ‍್ಯಾಮಿಗೆ ಅಂಥ ಪರೀಕ್ಷೆ ಏನೂ ಇಲ್ಲ. ಸರ್ವರುಗಳಲ್ಲಿ ಹಾಕುವ ಇಸಿಸಿ ರ‍್ಯಾಮ್ ಆಗಿದ್ದರೆ ಒಂದು ಬಿಟ್ ತಪ್ಪಿದರೆ ಅದೇ ಸರಿ ಮಾಡಿಕೊಳ್ಳುತ್ತಿತ್ತು. ಆದರೂ ಕೇಬಲ್ ಬದಲಿಸಿದರು, 80 ತಂತಿಯದು ಹಾಕಿ.

ಮುಂದಿನ ಪರೀಕ್ಷೆ ನನಗೆ ಎಲ್ಲದಕ್ಕಿಂತ ಇಷ್ಟವಾದದ್ದು. ಸಾಮಾನು ಏನೂ ಬೇಡ, ಬುದ್ಧಿ ಸಾಕು. ನಕಲು ಡಿಸ್ಕನ್ನು ನಮ್ಮ ಡಬ್ಬಿಗೆ ಹಾಕಿದರು, ಅಸಲಿ ಡಿಸ್ಕ್ ಕಪಾಟಿನಲ್ಲಿ. ಖಾತೆಯ ಫೈಲಿಗೆ ಎಂಡಿ5 ತೆಗೆದರು. ಅದು ಫೈಲಿನ ಬೆರಳಚ್ಚು, 32 ಅಕ್ಷರದ್ದು, ಒಳಗೆ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆ ಬರುತ್ತದೆ. ರೀಬೂಟ್ ಮಾಡಿ ಮತ್ತೆ ತೆಗೆದರು. ಅದೇ ಬಂತು. ಮತ್ತೆ ರೀಬೂಟ್, ಮಧ್ಯೆ ಬೇರೆ ದೊಡ್ಡ ಫೈಲುಗಳನ್ನು ಓದಿಸಿ ಮೆಮೊರಿ ತುಂಬಿಸಿದರು. ಈ ಸಲ ಬೆರಳಚ್ಚು ಬೇರೆ! ಫೈಲನ್ನು ಯಾರೂ ಮುಟ್ಟಿಲ್ಲ. ಅದೇ ಡಿಸ್ಕನ್ನು ತಮ್ಮ ಮೆಷಿನ್ನಿಗೆ ಹಾಕಿ ಎಷ್ಟು ಸಲ ತೆಗೆದರೂ ಒಂದೇ ಉತ್ತರ.

ಇದರಿಂದ ನನ್ನ ಇನ್ನೊಂದು ಗೊಂದಲವೂ ಬಗೆಹರಿಯಿತು. ಕೆಲವು ಬಿಲ್ಲು ಬೆಳಿಗ್ಗೆ ತಪ್ಪು ತೋರಿಸಿ, ಆಫ್ ಆಗಿ ಆನ್ ಆದ ಮೇಲೆ ತಾನೇ ಸರಿಯಾಗುತ್ತಿತ್ತು. ಭೂತ ಹೊಕ್ಕಿದೆ ಅಂತ ಅತ್ತೆ ಹೇಳುತ್ತಿದ್ದರು. ಲಿನಕ್ಸ್ ಓದಿದ ಫೈಲನ್ನು ಖಾಲಿ ಇರುವ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದಾಗ ಡಿಸ್ಕಿಗೆ ಹೋಗದೆ ಅಲ್ಲಿಂದಲೇ ಕೊಡುತ್ತದೆ. ಫೈಲಿನ ತುಂಡು ಕೆಟ್ಟ ಜಾಗದಲ್ಲಿ ಕೂತರೆ ಪರದೆಯಲ್ಲಿ ತಪ್ಪು, ಡಿಸ್ಕಿನಲ್ಲಿ ಸರಿ. ರೀಬೂಟ್ ಆದರೆ ಬೇರೆ ಜಾಗ ಸಿಗುತ್ತದೆ, ಸರಿಯಾಗುತ್ತದೆ. ಆದರೆ ಅದೇ ತುಂಡಿನಲ್ಲಿ ನಾವು ಹೊಸ ಬಿಲ್ಲು ಬರೆದು ಸೇವ್ ಮಾಡಿದರೆ ಅಕ್ಕಪಕ್ಕದ ತಪ್ಪೂ ಸೇರಿ ಡಿಸ್ಕಿಗೆ ಇಳಿಯುತ್ತದೆ. ಆಮೇಲೆ ಅದೇ ಸತ್ಯ. ಜರ್ನಲ್ ಇದ್ದರೂ ಉಪಯೋಗ ಇಲ್ಲ. ಕರೆಂಟ್ ಹೋದಾಗ ಫೈಲ್ ಸಿಸ್ಟಮಿನ ಕಟ್ಟೋಣ ಕುಸಿಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ನಮ್ಮ 9,450 ಸರಿಯೋ ಅಂತ ಅದು ನೋಡುವುದಿಲ್ಲ.

ಕೆಟ್ಟ ರ‍್ಯಾಮ್ ಇಟ್ಟುಕೊಂಡು ಎಫ್‌ಎಸ್‌ಸಿಕೆ ಓಡಿಸಿದ್ದರ ಬಗ್ಗೆ ಕೇಳಿದೆ. ಅಳತೆ ತಪ್ಪಿದ ಟೇಪ್ ಹಿಡಿದು ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿದ ಹಾಗೆ ಎಂದರು. ನಮ್ಮ ಅಂಗಡಿ ಯಾವುದು ಅಂತ ನೆನಪಿಟ್ಟುಕೊಂಡೇ ಹೇಳಿರಬೇಕು. ಡಿಸ್ಕಿನಿಂದ ಓದಿದ್ದು ಸರಿಯೇ ಇದ್ದರೂ ಮೆಮೊರಿಯಲ್ಲಿ ಅದು ತಪ್ಪಾಗಿ ಕಾಣುತ್ತದೆ. ತಪ್ಪು ಅಂತ ತಿಳಿದು ಸರಿ ಇದ್ದದ್ದನ್ನೂ ತಿದ್ದುತ್ತದೆ.

ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದರು, ಫ್ಲಾಪಿಯಿಂದ. ಸಿಡಿ ಡ್ರೈವ್ ಸತ್ತು ವರ್ಷಗಳಾಗಿವೆ. ಬೆಳಿಗ್ಗೆ ನನಗೆ ಪರದೆಯ ಫೋಟೋ ವಾಟ್ಸಾಪ್ ಬಂತು. ಕೆಂಪು ಸಾಲುಗಳು. ವಿಳಾಸಗಳು ಬೇರೆ ಬೇರೆ, ತಪ್ಪಿದ ಬಿಟ್ ತೋರಿಸುವ ಅಂಕಣದಲ್ಲಿ ಮಾತ್ರ ಎಲ್ಲ ಸಾಲಿನಲ್ಲೂ 00000008. ನನ್ನ ಕೆಂಪು ಪೆನ್ನಿನ ಎಂಟು ಅಲ್ಲಿ ಕೂತಿತ್ತು. ಸುಳ್ಳು ಯಾಕೆ, ತುಂಬ ಖುಷಿಯಾಯಿತು. 128 ಎಂಬಿಯ ಎರಡು ಸ್ಟಿಕ್‌ಗಳು ಇದ್ದವು. ಒಂದೊಂದನ್ನೇ ಹಾಕಿ, ರಬ್ಬರಿನಿಂದ ಕಾಲುಗಳನ್ನು ಉಜ್ಜಿ, ಸ್ಲಾಟ್ ಬದಲಿಸಿ ನೋಡಿದರು. ತಪ್ಪು ಒಂದೇ ಸ್ಟಿಕ್ ಹಿಂದೆ ಹೋಗುತ್ತಿತ್ತು. ಸ್ಲಾಟ್ ನಿರ್ದೋಷಿ.

ಹೊಸ ಸ್ಟಿಕ್ ಸಿಗದಿದ್ದರೂ ದಾರಿ ಉಂಟಂತೆ. ಬೂಟ್ ಆಗುವಾಗ ಕರ್ನಲಿಗೆ ಇಷ್ಟೇ ಎಂಬಿ ಬಳಸು ಅಂತ ಮಿತಿ ಹಾಕಿದರೆ, ಕೆಟ್ಟ ಜಾಗ ಮೇಲಿನ ತುದಿಯಲ್ಲಿ ಇದ್ದರೆ, ಅದು ಅತ್ತ ಹೋಗುವುದೇ ಇಲ್ಲ. ನಮಗೆ ಅದು ಬೇಕಾಗಲಿಲ್ಲ. ಗೋಡೆಯ ರಾಶಿಯಿಂದಲೇ ಒಂದು ಪಿಸಿ133 ಸ್ಟಿಕ್ ಸಿಕ್ಕಿತು, ಪರೀಕ್ಷೆ ಮಾಡಿ ಹಾಕಿದರು.

ಇಲ್ಲಿಗೆ ಮುಗಿಯಿತು ಅಂತ ಬೇರೆ ಯಾರಾದರೂ ಡಬ್ಬಿ ಮುಚ್ಚಿ ಕೊಡುತ್ತಿದ್ದರು. ಮಾಮ್ ಕೊಡಲಿಲ್ಲ. ಅಕ್ಷರ ಬಂದು ಬೀಳುವುದು ಒಂದು, ಏನೂ ಹೇಳದೆ ನಿಂತುಬಿಡುವುದು ಇನ್ನೊಂದು, ಎರಡೂ ಒಂದೇ ರೋಗ ಅಂತ ಯಾರು ಹೇಳಿದ್ದು ಅಂದರು. ಲಾಗಿನಲ್ಲಿ ಕರ್ನಲ್ ಬಿದ್ದ ಜಾಗಗಳು ಪ್ರತಿ ಸಲ ಬೇರೆ ಬೇರೆ ಇದ್ದವು. ಪ್ರೋಗ್ರಾಮಿನ ಬಗ್ ಆದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತದೆ, ಹೀಗೆ ಕಂಡಕಂಡಲ್ಲಿ ಬೀಳುವುದು ರ‍್ಯಾಮಿನ ಕೆಲಸ. ಆದರೆ ಸುಮ್ನೆ ನಿಂತುಬಿಟ್ಟದ್ದಕ್ಕೆ ಲಾಗಿನಲ್ಲಿ ಒಂದು ಸಾಲೂ ಇಲ್ಲ. ಅದಕ್ಕಾಗಿ ಹೊಸ ರ‍್ಯಾಮಿನಲ್ಲಿ ಲಿನಕ್ಸ್ ಕರ್ನಲನ್ನೇ ಸೋರ್ಸಿನಿಂದ, ಅಂದರೆ ಬರೆದ ಮೂಲ ಕೋಡಿನಿಂದ, ಮತ್ತೆ ಮತ್ತೆ ಕಂಪೈಲ್ ಮಾಡಿ ಕಟ್ಟಿಸಿದರು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರೂ ಬೆವರುವ ಕೆಲಸ ಅದು. ಮೆಮ್‌ಟೆಸ್ಟ್ ಪಾಸಾದ ಮೆಷಿನ್ ಇದರಲ್ಲಿ ನಿಂತುಬಿಟ್ಟಿತು.

ಟಾರ್ಚ್ ಹಾಕಿ ಪ್ರೊಸೆಸರ್ ಪಕ್ಕ ತೋರಿಸಿದರು. ಚಿಕ್ಕ ಡ್ರಮ್ಮಿನ ಹಾಗಿರುವ ಕೆಪ್ಯಾಸಿಟರುಗಳು, ಕೆಲವುಗಳ ತಲೆ ಉಬ್ಬಿತ್ತು, ಒಂದರ ಮೇಲೆ ಕಂದು ರಸ. ಇದೂ ಉಪ್ಪು ಗಾಳಿಯಾ ಅಂತ ಕೇಳಿದೆ. ಅಲ್ಲವಂತೆ. 2000ದ ಆಸುಪಾಸಿನ ವರ್ಷಗಳಲ್ಲಿ ಬಂದ ಎಷ್ಟೋ ಬೋರ್ಡುಗಳಲ್ಲಿ ಕೆಪ್ಯಾಸಿಟರ್ ಒಳಗಿನ ದ್ರವವೇ ಕಳಪೆ, ಪ್ರಪಂಚದ ತುಂಬ ಹೀಗೆ ಉಬ್ಬಿ ಸತ್ತಿವೆ. ಪ್ರೊಸೆಸರಿಗೆ ಹೋಗುವ ಕರೆಂಟನ್ನು ಸಮ ಮಾಡುವುದು ಇವುಗಳ ಕೆಲಸ. ಕೆಲಸ ಜೋರಾದಾಗ ವೋಲ್ಟೇಜ್ ನಡುಗಿ ಮೆಷಿನ್ ನಿಲ್ಲುತ್ತದೆ. 1500 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿಯದ್ದು ಹಾಕಿ ಬೆಸುಗೆ ಮಾಡಿದರು. ಆಮೇಲೆ ಕಂಪೈಲ್ ನಿಲ್ಲದೆ ಓಡಿತು.

ಲೆಕ್ಕ ಸರಿ ಮಾಡುವ ಕೆಲಸ ನಾವಿಬ್ಬರೂ ಸೇರಿ ಮಾಡಿದ್ದು. ಅವರು ಆಕ್‌ನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದರು. ಅದು ಯೂನಿಕ್ಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮಿನಲ್ಲಿ 1977ರಿಂದ ಇರುವ, ಫೈಲನ್ನು ಸಾಲು ಸಾಲಾಗಿ ಓದುವ ಸಾಮಾನು. ಪ್ರತಿ ಬಿಲ್ಲಿನಲ್ಲಿ ಸಂಖ್ಯೆ ಗುಣಿಸು ದರ ಸರಿ ಬರುತ್ತದಾ, ಸಾಲುಗಳ ಮೊತ್ತ ಕೆಳಗಿನ ಟೋಟಲಿಗೆ ಕೂಡುತ್ತದಾ, ಕೂಡದಿದ್ದರೆ ವ್ಯತ್ಯಾಸದಲ್ಲಿ ಎಂಟು ಉಂಟಾ ಎಂದು ಹುಡುಕಿ ಪಟ್ಟಿ ಕೊಡುವುದು. ಪಟ್ಟಿ ಹಿಡಿದು ನಾನು ಡೇ ಬುಕ್ ತೆಗೆದು ಒಂದೊಂದಾಗಿ ತಿದ್ದಿದೆ. ಸ್ಕ್ರಿಪ್ಟ್ ತಾನೇ ತಿದ್ದಬಹುದಿತ್ತು, ಬೇಡ ಅಂದವರು ಅವರೇ. ಸೊನ್ನೆ ಕಂಡಲ್ಲೆಲ್ಲ ಎಂಟು ಇತ್ತು ಅಂತ ಊಹಿಸಿದರೆ ಬೋಟಿನವರು ನಮ್ಮನ್ನು ಸುಮ್ನೆ ಬಿಡುತ್ತಾರಾ? ಲಾಸ್ಟ್ ಅಂಡ್ ಫೌಂಡಿಗೆ ಬಿದ್ದಿದ್ದ ಫೈಲುಗಳಲ್ಲಿ ಹೆಚ್ಚಿನವು ಇಂಡೆಕ್ಸ್, ಪ್ರೋಗ್ರಾಮಿನಲ್ಲೇ ಹೊಸದಾಗಿ ಕಟ್ಟಿಸಿದೆವು. ಒಂದರಲ್ಲಿ ಮಾತ್ರ ನಿಜವಾದ ಡೇಟಾ ಇತ್ತು, ಒಳಗಿನ ಬೋಟಿನ ಹೆಸರು ನೋಡಿ ಗುರುತು ಹಿಡಿದೆ.

ಖರ್ಚು ಎಲ್ಲ ಸೇರಿ 4,200 ರೂಪಾಯಿ. ನನ್ನ ಪ್ರಕಾರ ಕಡಿಮೆಯೇ.

ಇನ್ನು ಕಟ್ ಮಾಡಿದ ಸ್ಟಾರ್. ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಮೊದಲೇ ಹೇಳುವುದಿಲ್ಲ. ನಾವು ಅರವತ್ತು ಕಿಲೋಮೀಟರ್ ದೂರದಿಂದ ಬಂದವರು ಗಲ್ಲಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಕಾದೆವು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ತುಂಬ ದಾಟಿತು. ಕೆಪ್ಯಾಸಿಟರ್ ಬದಲಿಸುವ ಮೊದಲು ಎಷ್ಟಾಗುತ್ತದೆ ಅಂತ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹಳೇ ರ‍್ಯಾಮಿಗೆ ಒಂದು ತಿಂಗಳ ಗ್ಯಾರಂಟಿ ಮಾತ್ರ, ಅದೂ ಬಾಯಿಮಾತು. ಸರಿಯಾದ ಬಿಲ್ಲು ಬೇಕು ಅಂದಾಗ ಮುಖ ಸ್ವಲ್ಪ ಚಿಕ್ಕದು ಮಾಡಿದರು. ಮನೆಗೆ ಬಂದು ನೋಡಿದರೆ ಡಬ್ಬಿಗೆ ಎರಡು ಸ್ಕ್ರೂ ಕಡಿಮೆ. ನಮ್ಮದು ಸ್ಕ್ರೂ ಮಾರುವ ಅಂಗಡಿ ಅಂತ ಬಿಟ್ಟರೋ ಏನೋ.

ಮತ್ತೆ ಮಾತು. ಮಾಮ್ ತುಂಬ ಮಾತಾಡುತ್ತಾರೆ. ನನಗೆ ಅದು ಇಷ್ಟ, ಗಂಡನಿಗೆ ಅಲ್ಲ.

ಹೋಗುವಾಗ ಒಂದು ಪೆನ್‌ಡ್ರೈವ್ ಕೊಟ್ಟರು. ಸರಿ ಮಾಡಿದ ಡಿಸ್ಕಿನ ಪೂರ್ತಿ ನಕಲು ಅದರಲ್ಲಿ ಇದೆ. ಹೊಸ ಕಂಪ್ಯೂಟರಿನಲ್ಲಿ ಕ್ಯೂಇಎಂಯು ಎಂಬ ಪ್ರೋಗ್ರಾಮಿನ ಒಳಗೆ ನಮ್ಮ 2002ರ ಲಿನಕ್ಸ್ ಹಾಗೇ ಎದ್ದು ನಿಲ್ಲುತ್ತದೆ, ತೋರಿಸಿದರು ಕೂಡ. ಕಪ್ಪು ಪರದೆ, ಎಫ್2 ಒತ್ತಿದರೆ ಬಿಲ್ಲು. ಪ್ಯಾರಲಲ್ ಪೋರ್ಟಿನ ಪ್ರಿಂಟರ್ ಮಾತ್ರ ಅದರಲ್ಲಿ ಇನ್ನೂ ಹಟ ಮಾಡುತ್ತಿದೆ. ಅದು ಸರಿಯಾಗುವವರೆಗೆ ಹಳೇ ಡಬ್ಬಿಯೇ ಕೌಂಟರಿನಲ್ಲಿ ಇರಲಿ, ಆದರೆ ಇನ್ನು ಬಹಳ ವರ್ಷ ಅದನ್ನು ನಂಬಬೇಡಿ ಎಂದಿದ್ದಾರೆ. ನಾವು ಆಗಸ್ಟಿನಲ್ಲಿ ಬೋಟು ಇಳಿದು ಬಾಕಿ ವಸೂಲಾಗಲಿ ಅಂತ ಕಾಯುತ್ತಿದ್ದೇವೆ.

ಹೋಗುವವರು ಸಿಪಿಯು ಒಂದನ್ನೇ ಒಯ್ದರೆ ಸಾಕು. ಮಾನಿಟರ್, ಹಳೇ ಗುಂಡು ಪಿನ್ನಿನ ಕೀಬೋರ್ಡ್ ಎಲ್ಲ ಅವರಲ್ಲೇ ಉಂಟು. ಗಲ್ಲಿ ಗೊತ್ತಾಗದಿದ್ದರೆ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಮಾಮ್ ಅಂತ ಕೇಳಿ. ಫೈಲು ಕೆಡುವ ತೊಂದರೆ ಇದ್ದರೆ ಸರಿಯಾದ ಪ್ರಿಂಟೌಟ್, ತಪ್ಪಾದ ಪ್ರಿಂಟೌಟ್ ಎರಡನ್ನೂ ಜೊತೆಗೆ ಒಯ್ಯಿರಿ. ಡಬ್ಬಿ ಬಿಚ್ಚುವ ಮೊದಲು ಅವರು ಅದನ್ನು ಕೂತು ಓದುತ್ತಾರೆ.